ತಣ್ಣನೆಯ ಪೆಟ್ಟಿಗೆ ಮತ್ತು ಶ್ರಾವಕನ ಎಚ್ಚರ

ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಐದು ಸಮಿತಿಗಳು ಸೇರಿವೆ. ನಡೆಯುವಾಗ, ನುಡಿಯುವಾಗ, ಆಹಾರ ಸ್ವೀಕರಿಸುವಾಗ, ವಸ್ತುವೊಂದನ್ನು ಎತ್ತಿ ಇಡುವಾಗ, ಬೇಡವಾದುದನ್ನು ವಿಸರ್ಜಿಸುವಾಗ ಇರಬೇಕಾದ ಎಚ್ಚರವೇ ಸಮಿತಿ. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗ ಎಂಬುವು ಅವುಗಳ ಹೆಸರು. ಕಮಂಡಲುವನ್ನು ನೆಲದ ಮೇಲಿಡುವ ಮುನ್ನ ಮುನಿಗಳು ಪಿಂಛಿಯಿಂದ ಆ ಸ್ಥಳವನ್ನು ಮೃದುವಾಗಿ ಸವರುವುದನ್ನು ಬಸದಿಗೆ ಹೋಗುವ ಮಕ್ಕಳೂ ಕಂಡಿರುತ್ತಾರೆ. ಗೃಹಸ್ಥನಾದವನು ಈ ಸಮಿತಿಗಳನ್ನು ಪೂರ್ಣವಾಗಿ ಪಾಲಿಸಲಾರ. ತನ್ನ ಶಕ್ತಿಗೆ ತಕ್ಕಷ್ಟು ಪಾಲಿಸಬೇಕೆಂಬುದು ಶ್ರಾವಕಾಚಾರದ ಆಶಯ. ಇವುಗಳಲ್ಲಿ ನಾಲ್ಕನೆಯದೂ ಐದನೆಯದೂ ಅಕ್ಕಪಕ್ಕದಲ್ಲಿ ನಿಂತಿರುವುದು ವಿಚಾರಯೋಗ್ಯವಾಗಿದೆ. ವಸ್ತುವನ್ನು ಕೈಯಲ್ಲಿ ಹಿಡಿದಾಗ ತೋರುವ ಎಚ್ಚರ, ಅದನ್ನು ಕೈಬಿಡುವಾಗಲೂ ಉಳಿದಿರುತ್ತದೆಯೇ? ಈ ಪ್ರಶ್ನೆಯನ್ನು ಇಂದು ಪ್ರತಿ ಮನೆಯ ಬಾಗಿಲಿಗೂ ತಂದು ನಿಲ್ಲಿಸಿರುವುದು ಹಗುರವಾದ ಒಂದು ಬಿಳಿ ಪೆಟ್ಟಿಗೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪೆಟ್ಟಿಗೆಯನ್ನು ಕಾಣದವರು ವಿರಳ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ, ಬೇಗ ಕೆಡುವ ಪದಾರ್ಥಗಳು ದೂರದೇಶಗಳಿಗೆ ಹೋಗುವ ಹೆದ್ದಾರಿಯೇ ಇಲ್ಲಿ ತೆರೆದಂತಾಯಿತು. ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳ ಪಾಲಿಹೌಸುಗಳಲ್ಲಿ ಬೆಳೆದ ಗುಲಾಬಿ, ಸುತ್ತಲಿನ ತೋಟಗಳ ತರಕಾರಿ, ಹಣ್ಣು, ನಗರದ ಕಾರ್ಖಾನೆಗಳ ಔಷಧಗಳು ಈ ನಿಲ್ದಾಣದ ಮೂಲಕ ಸಾಗುತ್ತವೆ. ನೆಲಮಂಗಲ ಮತ್ತು ಹೊಸಕೋಟೆಯ ಹೆದ್ದಾರಿಗಳ ಬದಿಯಲ್ಲಿ ಎದ್ದಿರುವ ಗೋದಾಮುಗಳಿಂದ ಮನೆಮನೆಗೆ ಸಾಮಾನು ತಲುಪುತ್ತದೆ. ಇವುಗಳಲ್ಲಿ ತಂಪು ತಪ್ಪಿದರೆ ಕೆಡುವ ವಸ್ತುಗಳೆಲ್ಲ ಶಾಖನಿರೋಧಕ ಹೊದಿಕೆಯೊಳಗೆ ಪ್ರಯಾಣಿಸುತ್ತವೆ. ಆ ಹೊದಿಕೆಯ ಅತ್ಯಂತ ಪರಿಚಿತ ರೂಪವೇ ಥರ್ಮೊಕೋಲ್ ಪೆಟ್ಟಿಗೆ.

ಇದರ ಗುಟ್ಟು ಸರಳವಾದುದು. ಥರ್ಮೊಕೋಲಿನ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಭಾಗ ಗಾಳಿಯೇ. ಪ್ಲಾಸ್ಟಿಕ್ ಇರುವುದು ಎರಡು ಭಾಗ ಮಾತ್ರ. ಸಣ್ಣ ಸಣ್ಣ ಕೋಶಗಳಲ್ಲಿ ಸೆರೆಯಾದ ಗಾಳಿಯು ಅತ್ತಿತ್ತ ಚಲಿಸಲಾರದು. ಚಲಿಸದ ಗಾಳಿಯ ಮೂಲಕ ಶಾಖವು ಬಹಳ ನಿಧಾನವಾಗಿ ಹಾಯುತ್ತದೆ. ಆದರೆ ಯಾವ ಗೋಡೆಯೂ ಶಾಖವನ್ನು ಸಂಪೂರ್ಣವಾಗಿ ತಡೆಯಲಾರದು, ತಡಮಾಡಬಲ್ಲದು ಅಷ್ಟೆ. ನುಸುಳಿ ಬಂದ ಶಾಖವನ್ನು ಒಳಗಿನ ಮಂಜುಗಡ್ಡೆಯ ಪೊಟ್ಟಣಗಳು ತಾವು ಕರಗುತ್ತ ಹೀರಿಕೊಳ್ಳುತ್ತವೆ. ಒಂದು ಕಿಲೋ ಮಂಜುಗಡ್ಡೆ ಕರಗಿ ನೀರಾಗುವಷ್ಟರಲ್ಲಿ ಸುಮಾರು 80 ಕಿಲೋ ಕ್ಯಾಲೊರಿ ಶಾಖವನ್ನು ನುಂಗುತ್ತದೆ. ಗೋಡೆ ತಡಮಾಡುತ್ತದೆ, ಮಂಜು ಹೊರೆ ಹೊರುತ್ತದೆ, ಇವೆರಡರ ನಡುವೆ ಒಳಗಿನ ವಸ್ತು ಕೆಲವು ಗಂಟೆಗಳ ಅಥವಾ ದಿನಗಳ ಕಾಲ ಸುರಕ್ಷಿತವಾಗಿರುತ್ತದೆ.

ಸಪ್ತತತ್ತ್ವಗಳನ್ನು ಓದಿದವರಿಗೆ ಇಲ್ಲಿ ಆಸ್ರವ ಮತ್ತು ಸಂವರಗಳ ನೆನಪು ಬರುವುದು ಸಹಜ. ಹೊರಗಿನಿಂದ ಒಳಗೆ ಹರಿದು ಬರುವುದು ಆಸ್ರವ, ಅದನ್ನು ತಡೆಯುವುದು ಸಂವರ. ಆದರೆ ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿದಿರಬೇಕು. ಸಂವರವು ಜೀವದ ಸ್ವಂತ ಪುರುಷಾರ್ಥದಿಂದ ಆಗುವಂಥದು. ಗುಪ್ತಿ, ಸಮಿತಿ, ಧರ್ಮ, ಅನುಪ್ರೇಕ್ಷೆ, ಪರೀಷಹಜಯ, ಚಾರಿತ್ರಗಳು ಅದರ ಸಾಧನಗಳೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಪೆಟ್ಟಿಗೆಗೆ ಪುರುಷಾರ್ಥವಿಲ್ಲ. ಅದು ಅಜೀವ. ಅದರೊಳಗೆ ಏನನ್ನಿಡಬೇಕು, ಅದನ್ನು ಎಲ್ಲಿಗೆ ಕಳಿಸಬೇಕು, ಕೊನೆಗೆ ಎಲ್ಲಿ ಬಿಡಬೇಕು ಎಂಬುದನ್ನೆಲ್ಲ ಮನುಷ್ಯನೇ ನಿರ್ಧರಿಸುತ್ತಾನೆ. ಆದುದರಿಂದ ಧರ್ಮಾಧರ್ಮಗಳ ವಿಚಾರ ಪೆಟ್ಟಿಗೆಯದಲ್ಲ, ಅದನ್ನು ಬಳಸುವ ಕೈಯದು.

ಆ ಕೈ ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಲಸಿಕೆಯ ಚರಿತ್ರೆಯೇ ಸಾಕ್ಷಿ. ಬಾಯಿಗೆ ಹಾಕುವ ಪೋಲಿಯೊ ಲಸಿಕೆಯು ಶಾಖಕ್ಕೆ ಬಹುಬೇಗ ಸೋಲುತ್ತದೆ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದಾಗ, ಆ ಹನಿಗಳನ್ನು ಬಿಸಿಲಿನ ಹಳ್ಳಿಗಳವರೆಗೆ ಕೆಡದಂತೆ ಒಯ್ಯುವುದೇ ಒಂದು ದೊಡ್ಡ ಸವಾಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಕಯಂತ್ರದಿಂದ ಹೊರಟ ಲಸಿಕೆಯನ್ನು ಆರೋಗ್ಯ ಸಹಾಯಕಿಯು ಹೆಗಲಿಗೆ ತೂಗುಹಾಕಿದ ಚಿಕ್ಕ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದಳು, ಇಂದಿಗೂ ಒಯ್ಯುತ್ತಾಳೆ. ಅದರ ನಾಲ್ಕು ಬದಿಗಳಲ್ಲಿ ನಾಲ್ಕು ಐಸ್ ಪ್ಯಾಕುಗಳು, ನಡುವೆ ಲಸಿಕೆಯ ಹದಿನಾರರಿಂದ ಇಪ್ಪತ್ತು ಬಾಟಲಿಗಳು. ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಶಾಖ ತಾಗಿದಷ್ಟೂ ಚೌಕವು ಕಪ್ಪಾಗುತ್ತ ಬರುತ್ತದೆ, ಮತ್ತೆ ತಂಪಿಗಿಟ್ಟರೂ ಹಿಂದಿನ ಬಣ್ಣಕ್ಕೆ ಮರಳುವುದಿಲ್ಲ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾದೊಡನೆ ಆ ಬಾಟಲಿಯನ್ನು ಬಳಸುವಂತಿಲ್ಲ. ಪ್ರಮಾದ ಎಲ್ಲಿ ನಡೆದರೂ ಅದರ ಗುರುತು ಉಳಿಯುವಂಥ ವ್ಯವಸ್ಥೆ ಇದು.

ಅತಿಶಾಖದಂತೆ ಅತಿಶೀತವೂ ಅಪಾಯಕಾರಿಯೇ. ಧನುರ್ವಾಯು, ಹೆಪಟೈಟಿಸ್-ಬಿ ಮುಂತಾದ ಲಸಿಕೆಗಳು ಹೆಪ್ಪುಗಟ್ಟಿದರೆ ನಿಷ್ಪ್ರಯೋಜಕವಾಗುತ್ತವೆ. ಅದಕ್ಕಾಗಿಯೇ ಐಸ್ ಪ್ಯಾಕುಗಳನ್ನು ಹೊರತೆಗೆದೊಡನೆ ಪೆಟ್ಟಿಗೆಯಲ್ಲಿಡಬಾರದು. ಮೇಲ್ಮೈ ಬೆವರಿ, ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳಿಸುವವರೆಗೆ ಕಾಯಬೇಕು. ಇಂಥ ಸಾವಿರಾರು ಕೈಗಳ ಎಚ್ಚರದ ಫಲವಾಗಿ 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಒಂದು ಪ್ರಕರಣವೂ ಕಂಡುಬರಲಿಲ್ಲ. 2014ರ ಮಾರ್ಚಿನಲ್ಲಿ ಭಾರತವು ಪೋಲಿಯೊಮುಕ್ತವೆಂಬ ಮನ್ನಣೆ ದೊರೆಯಿತು. 2021ರ ಜನವರಿ 12ರಂದು ಪುಣೆಯಿಂದ ಕೋವಿಡ್ ಲಸಿಕೆಯ ಸುಮಾರು ಆರೂವರೆ ಲಕ್ಷ ಡೋಸುಗಳು ದೇವನಹಳ್ಳಿಯ ನಿಲ್ದಾಣದಲ್ಲಿ ಇಳಿದಾಗಲೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಎಂಬ ಕಿರಿದಾದ ಎಲ್ಲೆಯೊಳಗೆ ಅವುಗಳನ್ನು ಕಾಪಾಡಿದ್ದು ಶಾಖನಿರೋಧಕ ಪೆಟ್ಟಿಗೆಗಳೇ. ಔಷಧದಾನ ಮತ್ತು ಅಭಯದಾನಗಳನ್ನು ಶ್ರೇಷ್ಠವೆಂದು ಬಗೆಯುವ ಪರಂಪರೆಗೆ ಈ ಪೆಟ್ಟಿಗೆಯು ಹೊರಗಿನದಾಗಿ ತೋರಬೇಕಾಗಿಲ್ಲ.

ಇದೇ ನಿಲ್ದಾಣದಲ್ಲಿ ಪ್ರತಿ ವರ್ಷ ಫೆಬ್ರವರಿಯ ಮೊದಲ ದಿನಗಳಲ್ಲಿ ಬೇರೊಂದು ಧಾವಂತ. 14ರ ಪ್ರೇಮಿಗಳ ದಿನಕ್ಕೆಂದು ಗುಲಾಬಿಗಳು ಒಳನಾಡಿಗೂ ಹೊರದೇಶಗಳಿಗೂ ಹೊರಡುತ್ತವೆ. ಕತ್ತರಿಸಿದೊಡನೆ ನೀರಿನ ಬಕೆಟ್ಟಿಗೆ, ಅಲ್ಲಿಂದ ಶೀತಲಗೃಹಕ್ಕೆ, ಅಲ್ಲಿಂದ ರಟ್ಟಿನ ಪೆಟ್ಟಿಗೆಗೆ, ಅಲ್ಲಿಂದ ತಂಪು ವಾಹನಕ್ಕೆ. ಲಸಿಕೆಗೆ ತೋರುವ ಎಚ್ಚರವನ್ನೇ ಹೂವಿಗೂ ತೋರಲಾಗುತ್ತದೆ. ಎಚ್ಚರ ಒಂದೇ ಆದರೂ ಉದ್ದೇಶ ಒಂದೇ ಅಲ್ಲ. ಕೂಸಿನ ಕಾಲು ಸೋಲದಿರಲೆಂದು ಕಾಪಾಡುವುದಕ್ಕೂ ಒಂದು ಸಂಜೆಯ ಸಂತೋಷಕ್ಕಾಗಿ ಏಕೇಂದ್ರಿಯ ಜೀವವಾದ ಸಸ್ಯದ ಅಂಗವನ್ನು ಸಾವಿರಾರು ಮೈಲಿ ಒಯ್ಯುವುದಕ್ಕೂ ವ್ಯತ್ಯಾಸವಿದೆಯೆಂದು ವಿವೇಕಿಗೆ ತೋರದಿರದು.

ಹಾಗೆಂದು ಹೂಬೆಳೆಗಾರನನ್ನು ದೂಷಿಸುವುದು ಅನ್ಯಾಯವಾದೀತು. 2020ರ ಲಾಕ್‌ಡೌನಿನಲ್ಲಿ ಸಾಗಣೆ ನಿಂತಾಗ ಈ ಭಾಗದ ಬೆಳೆಗಾರರು ಅರಳಿದ ಹೂವನ್ನು ಕಿತ್ತು ತಿಪ್ಪೆಗೆ ಸುರಿಯಬೇಕಾಯಿತು. ನೀರು, ಗೊಬ್ಬರ, ಔಷಧ, ಕೂಲಿಕಾರರ ಬೆವರು ಇವೆಲ್ಲ ವ್ಯಯವಾದ ಮೇಲೆ ಬೆಳೆ ಕೊಳೆತರೆ, ಅದಕ್ಕಾಗಿ ನಡೆದ ಆರಂಭೀ ಹಿಂಸೆಯೆಲ್ಲ ಯಾರ ಹಿತಕ್ಕೂ ಒದಗದೆ ಹೋಗುತ್ತದೆ. ಈ ದೃಷ್ಟಿಯಿಂದ ಕೆಡದಂತೆ ಕಾಯುವ ಪೆಟ್ಟಿಗೆಯು ಹಿಂಸೆಯನ್ನು ತಗ್ಗಿಸುವ ಉಪಕರಣವೂ ಹೌದು. ಶ್ರಾವಕನ ಮುಂದಿರುವ ಪ್ರಶ್ನೆ ಪೆಟ್ಟಿಗೆ ಬೇಕೋ ಬೇಡವೋ ಎಂಬಷ್ಟು ಸುಲಭವಾದುದಲ್ಲ.

ವ್ಯಾಪಾರಿ ಕುಟುಂಬಗಳಿಗೆ ಇನ್ನೊಂದು ತೊಡಕೂ ಇದೆ. ಲಸಿಕೆಯನ್ನು ಕಾಯುವ ಪೆಟ್ಟಿಗೆಯೇ ಮೀನನ್ನೂ ಮಾಂಸವನ್ನೂ ಕಾಯುತ್ತದೆ. ಪೆಟ್ಟಿಗೆ ತಯಾರಿಸುವವನಾಗಲಿ, ಮಾರುವವನಾಗಲಿ, ಶೀತಲಗೃಹವನ್ನು ಬಾಡಿಗೆಗೆ ಕೊಡುವವನಾಗಲಿ ಒಳಗಿನ ವಸ್ತುವಿನ ಹೊಣೆಯನ್ನು ಹೊರಬೇಕೆ? ಹೊರಬೇಕಾಗಿಲ್ಲವೆಂದು ವಾದಿಸುವವರಿದ್ದಾರೆ, ನೇಕಾರನು ನೇಯ್ದ ಬಟ್ಟೆಯನ್ನು ಯಾರು ಉಟ್ಟರೆಂದು ಕೇಳುವುದುಂಟೇ ಎಂಬುದು ಅವರ ತರ್ಕ. ಜೈನಾಚಾರವು ಇಷ್ಟಕ್ಕೆ ತೃಪ್ತವಾಗುವುದಿಲ್ಲ. ಅದು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಕಾಣುತ್ತದೆ. ತಾನು ಮಾಡಿದುದು, ಮಾಡಿಸಿದುದು, ಆಗಲೆಂದು ಒಪ್ಪಿದುದು ಮೂರೂ ಲೆಕ್ಕಕ್ಕೆ ಬರುತ್ತವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಶ್ರಾವಕನಿಗೆ ಸಲ್ಲದ ಕ್ರೂರ ವೃತ್ತಿಗಳನ್ನು ಚರ್ಚಿಸಿರುವುದೂ ಈ ಕಾರಣಕ್ಕೇ.

ಇಲ್ಲಿ ಒಂದು ಭೇದವನ್ನು ಗುರುತಿಸುವುದು ಉಚಿತ. ಅಂಗಡಿಯಲ್ಲಿ ಯಾರೋ ಅಪರಿಚಿತನು ಕೊಂಡ ಪೆಟ್ಟಿಗೆಯನ್ನು ಅವನು ಯಾವುದಕ್ಕೆ ಬಳಸಿದನೆಂಬುದು ಮಾರಿದವನ ಅರಿವಿಗೆ ಮೀರಿದುದು. ಆದರೆ ಮಾಂಸದ ಸಾಗಣೆಗೆಂದೇ ಅಳತೆ ತೆಗೆದುಕೊಂಡು ಪೆಟ್ಟಿಗೆ ಮಾಡಿಕೊಡುವುದು, ಅದಕ್ಕೆಂದೇ ಕೊಠಡಿಯನ್ನು ವರ್ಷಗಟ್ಟಲೆ ಬಾಡಿಗೆಗೆ ನೀಡುವುದು ಅರಿತು ಒಪ್ಪಿದ ಕಾರ್ಯ. ಮೊದಲನೆಯದನ್ನು ಉದ್ಯೋಗೀ ಹಿಂಸೆಯ ಅನಿವಾರ್ಯ ಅಂಶವೆನ್ನಬಹುದು. ಎರಡನೆಯದಕ್ಕೆ ಆ ಹೆಸರಿನ ಆಸರೆ ದೊರೆಯದು. ಲಾಭ ಕಡಿಮೆಯಾದರೂ ಔಷಧ, ಹಾಲು, ಹಣ್ಣುಗಳ ಸಾಗಣೆಗಷ್ಟೇ ತಮ್ಮ ಉದ್ಯಮವನ್ನು ಮಿತಿಗೊಳಿಸಿಕೊಳ್ಳುವ ಕುಟುಂಬವು ವ್ಯಾಪಾರದ ನಡುವೆಯೇ ವ್ರತವೊಂದನ್ನು ಪಾಲಿಸಿದಂತಾಗುತ್ತದೆ.

ಒಳಗೆ ಏನಿದೆಯೆಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು. ಪೆಟ್ಟಿಗೆ ತೆರೆದ ಮೇಲಿನ ಪ್ರಶ್ನೆ ಉಳಿಯಿತು. ಮಧುಮೇಹಿಯಾದ ಹಿರಿಯರೊಬ್ಬರ ಮನೆಗೆ ಇನ್ಸುಲಿನ್ ಬರುತ್ತದೆ. ಅಂಗೈಯಲ್ಲಿ ಹಿಡಿಸುವ ಔಷಧಕ್ಕೆ ಮೊಣಕೈಯಷ್ಟು ಉದ್ದದ ಪೆಟ್ಟಿಗೆ, ಎರಡು ಜೆಲ್ ಪೊಟ್ಟಣ, ಸುತ್ತಲೂ ಅಂಟುಪಟ್ಟಿ. ಔಷಧವು ಫ್ರಿಜ್ಜನ್ನು ಸೇರುತ್ತದೆ; ಪೆಟ್ಟಿಗೆಯು ಬಾಗಿಲ ಹೊರಗೆ ಬೀಳುತ್ತದೆ. ಎರಡು ದಿನಗಳ ಕಾಲ ಹತ್ತು ಕೈಗಳು ಕಾಪಾಡಿದ ವಸ್ತುವಿನ ಜೊತೆಗೇ ಬಂದ ಹೊದಿಕೆಯ ಬಗ್ಗೆ ಆಮೇಲೆ ಒಬ್ಬರಿಗೂ ಯೋಚನೆಯಿಲ್ಲ. ಆದಾನನಿಕ್ಷೇಪಣದವರೆಗೆ ಬಂದ ಎಚ್ಚರವು ಉತ್ಸರ್ಗದ ಹೊಸ್ತಿಲಲ್ಲಿ ನಿಂತುಹೋಯಿತು.

ಹೊರಗೆ ಬಿದ್ದ ಪೆಟ್ಟಿಗೆ ಮಾಯವಾಗುವುದಿಲ್ಲ. ತೂಕ ಕಡಿಮೆ, ಗಾತ್ರ ಹೆಚ್ಚು ಆದುದರಿಂದ ಹಳೆಯ ಸಾಮಾನು ಕೊಳ್ಳುವವನಿಗೆ ಅದು ಗಿಟ್ಟುವುದಿಲ್ಲ; ಒಂದು ಗಾಡಿ ತುಂಬಿದರೂ ಕೆಲವೇ ಕಿಲೋ ಆದೀತು. ಸುಟ್ಟರೆ ಕಪ್ಪು ಹೊಗೆಯೊಡನೆ ವಿಷಾನಿಲಗಳು ಏಳುತ್ತವೆ. ಬಿಸಿಲಿಗೆ ಬಿಟ್ಟರೆ ಪುಡಿಪುಡಿಯಾಗಿ ಬಿಳಿಯ ಕಾಳುಗಳಾಗಿ ಚರಂಡಿಗೂ ಕೆರೆಗೂ ಸೇರುತ್ತದೆ. ಹಕ್ಕಿಯೂ ಮೀನೂ ಅದನ್ನು ಆಹಾರವೆಂದು ನುಂಗುತ್ತವೆ. ಅನ್ನದ ವಾಸನೆ ಹತ್ತಿದ ಪ್ಲಾಸ್ಟಿಕ್ಕನ್ನು ದನಗಳು ತಿನ್ನುವುದನ್ನೂ, ಅವುಗಳ ಹೊಟ್ಟೆಯಲ್ಲಿ ಅದು ಗಂಟುಕಟ್ಟಿ ಪ್ರಾಣಕ್ಕೇ ಎರವಾಗುವುದನ್ನೂ ಗೋಶಾಲೆ ನಡೆಸುವ ಟ್ರಸ್ಟುಗಳಿಗೆ ವಿವರಿಸಬೇಕಾಗಿಲ್ಲ. ಒಂದು ಕೈಯಿಂದ ಗೋಶಾಲೆಗೆ ದೇಣಿಗೆ ಕೊಟ್ಟು ಇನ್ನೊಂದು ಕೈಯಿಂದ ಬೀದಿಗೆ ಪೆಟ್ಟಿಗೆ ಎಸೆಯುವ ಮನೆಯು ತನ್ನ ದಾನವನ್ನು ತಾನೇ ಕಳೆಯುತ್ತಿರುತ್ತದೆ.

ಗುಲಾಬಿ ಬೆಳೆಯುವ ದೊಡ್ಡಬಳ್ಳಾಪುರ ತಾಲ್ಲೂಕೇ ಬೆಂಗಳೂರಿನ ಕಸವನ್ನೂ ಹೊತ್ತದ್ದು ಈ ಕಾಲದ ಒಂದು ಕಟುಸತ್ಯ. ಗುಂಡ್ಲಹಳ್ಳಿ, ಚಿಗರೇನಹಳ್ಳಿ ಸುತ್ತಿನ ಗ್ರಾಮಸ್ಥರು ಕಸದ ಲಾರಿಗಳ ವಿರುದ್ಧ, ಕೆಟ್ಟ ವಾಸನೆ ಮತ್ತು ಕಲುಷಿತ ನೀರಿನ ವಿರುದ್ಧ ಹಲವು ಸಲ ಪ್ರತಿಭಟಿಸಿದ್ದಾರೆ. ನಗರದ ಮನೆಯೊಂದು ಬೇಡವೆಂದು ಬಿಟ್ಟದ್ದು ಬೇರೊಬ್ಬರ ಬಾವಿಯ ಪಕ್ಕದಲ್ಲಿ ಬಂದು ಕೂತಿತು. ಉತ್ಸರ್ಗ ಸಮಿತಿಯು ವಿಸರ್ಜನೆಗೆ ನಿರ್ಜಂತುಕವೂ ಯಾರಿಗೂ ಬಾಧೆಯಾಗದಂಥದೂ ಆದ ಸ್ಥಳವನ್ನು ಬಯಸುತ್ತದೆ. ಕಣ್ಣಿಗೆ ಕಾಣದ ಸ್ಥಳವು ಬಾಧೆಯಿಲ್ಲದ ಸ್ಥಳವಾಗಲಾರದು.

ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ದೂರ ನಡೆದಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳಲ್ಲಿ ಅಲಂಕಾರದ ಥರ್ಮೊಕೋಲ್ ಸೇರಿದೆ. ಪಂಚಕಲ್ಯಾಣದ ಮಂಟಪಕ್ಕಾಗಲಿ ಮದುವೆಯ ವೇದಿಕೆಗಾಗಲಿ ಅದನ್ನು ಕೊರೆದು ನಿಲ್ಲಿಸುವ ರೂಢಿಗೆ ಈಗ ಅವಕಾಶವಿಲ್ಲ. ಆದರೆ ವಸ್ತುಗಳನ್ನು ತಂಪಾಗಿಡುವ ಪೆಟ್ಟಿಗೆಯು ಆ ನಿಷೇಧದ ಪಟ್ಟಿಯಲ್ಲಿಲ್ಲ. ಔಷಧ ಸಾಗಣೆಗೆ ಅದು ಬೇಕೇ ಬೇಕು. ಕಾನೂನು ನಿಂತಲ್ಲಿಂದ ಮುಂದಕ್ಕೆ ವಿವೇಕವೇ ದಾರಿ ತೋರಬೇಕು. ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯು ಕೇಳುವುದೂ ಇದನ್ನೇ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ಬಾಧೆ ಉಂಟುಮಾಡುವುದನ್ನು ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಲಸಿಕೆಗಾಗಿ ಪೆಟ್ಟಿಗೆಯನ್ನು ಬಳಸುವುದರಲ್ಲಿ ಪ್ರಯೋಜನವಿದೆ. ಬಳಸಿದ ಪೆಟ್ಟಿಗೆಯನ್ನು ಎಸೆಯುವುದರಲ್ಲಿ ಯಾವ ಪ್ರಯೋಜನವೂ ಇಲ್ಲ.

ಬಾಳಿಕೆಯ ವಿಚಾರಕ್ಕೆ ಈ ಜಿಲ್ಲೆಯಲ್ಲೇ ಒಂದು ನಿದರ್ಶನವಿದೆ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಕಾಲದ ಮಾನ್ಯಪುರ. ಅಲ್ಲಿ ಶ್ರೀವಿಜಯನೆಂಬ ದಂಡನಾಯಕನು ಜಿನಾಲಯವನ್ನು ಕಟ್ಟಿಸಿದುದನ್ನೂ ಅದಕ್ಕೆ ದತ್ತಿ ಸಂದುದನ್ನೂ ಎಂಟನೆಯ ಶತಮಾನದ ಕೊನೆಯ ತಾಮ್ರಶಾಸನವೊಂದು ತಿಳಿಸುತ್ತದೆ. ಆ ತಾಮ್ರದ ಹಲಗೆಯು ಹನ್ನೆರಡು ಶತಮಾನ ಬಾಳಿದೆ; ಬಾಳಲೆಂದೇ ಅದನ್ನು ಕೊರೆಯಿಸಲಾಗಿತ್ತು. ಇಂದು ಅದೇ ನೆಲಮಂಗಲದ ಗೋದಾಮಿನಿಂದ ಹೊರಡುವ ಥರ್ಮೊಕೋಲ್ ಎರಡು ದಿನದ ಕೆಲಸಕ್ಕೆಂದು ಹುಟ್ಟಿ, ಆಮೇಲೆ ಎಷ್ಟೋ ತಲೆಮಾರುಗಳವರೆಗೆ ಕೊಳೆಯದೆ ಮಣ್ಣಿನಲ್ಲಿ ಉಳಿಯುತ್ತದೆ. ಮುಂದೊಂದು ಕಾಲದಲ್ಲಿ ಈ ನೆಲವನ್ನು ಅಗೆಯುವವರಿಗೆ ಈ ಪೀಳಿಗೆಯ ಶಾಸನವಾಗಿ ಅದೇ ಸಿಕ್ಕರೆ ಆಶ್ಚರ್ಯವಿಲ್ಲ.

ಪರಿಹಾರವು ದೂರದಲ್ಲಿಲ್ಲ. ಆರೋಗ್ಯ ಸಹಾಯಕಿಯ ಲಸಿಕೆಪೆಟ್ಟಿಗೆಯನ್ನೇ ನೋಡಬಹುದು. ಸಂಜೆ ಅದು ಕೇಂದ್ರಕ್ಕೆ ಮರಳುತ್ತದೆ. ಒಳಭಾಗವನ್ನು ಒರೆಸಿ ಒಣಗಿಸಿ ಮುಂದಿನ ಸರದಿಗೆ ಎತ್ತಿಡುತ್ತಾರೆ. ವರ್ಷಗಟ್ಟಲೆ ಒಂದೇ ಪೆಟ್ಟಿಗೆ ಸಾವಿರಾರು ಮಕ್ಕಳಿಗೆ ಒದಗುತ್ತದೆ. ಮರಳಿಸುವುದಕ್ಕೂ ಬೆಲೆಯುಂಟು ಎಂಬ ಆಕ್ಷೇಪವು ನಿರಾಧಾರವಲ್ಲ. ಕಡಲಾಚೆಗೆ ಹೋದ ಬರಿಯ ಪೆಟ್ಟಿಗೆಯನ್ನು ವಿಮಾನದಲ್ಲಿ ಹಿಂದಕ್ಕೆ ತರಿಸಿದರೆ ಸುಡುವ ಇಂಧನವೇ ಹೊಸ ಹಿಂಸೆಯಾದೀತು. ಆದರೆ ಹೊಸಕೋಟೆಯಿಂದ ನಗರಕ್ಕೆ, ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ದಿನವೂ ಓಡಾಡುವ ವಾಹನಗಳು ಹೇಗೂ ಖಾಲಿಯಾಗಿಯೇ ಹಿಂದಿರುಗುತ್ತವೆ. ಹತ್ತಿರದ ದಾರಿಯಲ್ಲಾದರೂ ಪೆಟ್ಟಿಗೆಯನ್ನು ಮರಳಿ ಪಡೆಯುವುದು ಕಷ್ಟದ ಕೆಲಸವಲ್ಲ. ಹಿಂದೆ ಹಾಲಿನ ಬಾಟಲಿಗಳು ಹೀಗೆಯೇ ಹೋಗಿ ಬರುತ್ತಿದ್ದವು.

ಮನೆಯವರು ಪೆಟ್ಟಿಗೆಯನ್ನು ಮುರಿಯದೆ, ಒದ್ದೆ ಮಾಡದೆ ಎತ್ತಿಟ್ಟು ಔಷಧದಂಗಡಿಗೆ ಹಿಂದಿರುಗಿಸಬಹುದು. ಜೆಲ್ ಪೊಟ್ಟಣಗಳು ಅನೇಕ ಸಲ ಬಳಕೆಗೆ ಬರುತ್ತವೆ. ಬಸದಿಯ ಟ್ರಸ್ಟು ಆರೋಗ್ಯ ಶಿಬಿರ ನಡೆಸುವಾಗ ಔಷಧ ಪೂರೈಸುವವರೊಡನೆ ಪೆಟ್ಟಿಗೆಗಳನ್ನು ಮರಳಿ ಒಯ್ಯುವ ಷರತ್ತನ್ನು ಮೊದಲೇ ಮಾಡಿಕೊಳ್ಳಬಹುದು. ಬಸದಿಯ ಆವರಣದ ಒಂದು ಮೂಲೆಯನ್ನು ಪೆಟ್ಟಿಗೆಗಳ ಸಂಗ್ರಹಕ್ಕೆ ಬಿಟ್ಟುಕೊಡಬಹುದು. ಉದ್ಯಮಿಗಳಾದ ಶ್ರಾವಕರು ಗಟ್ಟಿಯಾದ, ಮತ್ತೆ ಮತ್ತೆ ಬಳಸುವ ಪೆಟ್ಟಿಗೆಗಳಿಗೆ ಮೊದಲ ದಿನ ಹೆಚ್ಚು ಹಣ ತೊಡಗಿಸಬಹುದು. ಇವೆಲ್ಲ ಅಣುವಿನಷ್ಟು ಚಿಕ್ಕ ಕಾರ್ಯಗಳೆಂದು ಯಾರಾದರೂ ನಕ್ಕರೆ, ಗೃಹಸ್ಥನ ವ್ರತಗಳಿಗೆ ಅಣುವ್ರತಗಳೆಂದೇ ಹೆಸರಿದೆಯೆಂದು ನೆನಪಿಸಿದರೆ ಸಾಕು.

ದೇವನಹಳ್ಳಿಯ ಚಕ್ಕೋತವು ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಅದನ್ನು ಸುಲಿದವರೆಲ್ಲ ಬೆರಳುದಪ್ಪದ ಆ ಬಿಳಿಯ, ಮೆತ್ತನೆಯ ಸಿಪ್ಪೆಯನ್ನು ಕಂಡಿದ್ದಾರೆ. ಅದರಲ್ಲೂ ತುಂಬಿರುವುದು ಸಣ್ಣ ಸಣ್ಣ ಗಾಳಿಯ ಎಡೆಗಳೇ. ಪೆಟ್ಟನ್ನೂ ಬಿಸಿಲನ್ನೂ ತಾನು ತಾಳಿಕೊಂಡು ಒಳಗಿನ ತೊಳೆಗಳ ರಸವನ್ನು ಅದು ದಿನಗಟ್ಟಲೆ ಕಾಯುತ್ತದೆ. ಹಣ್ಣು ತಿಂದಾದ ಮೇಲೆ ಸಿಪ್ಪೆಯು ಗಿಡದ ಬುಡಕ್ಕೆ ಬಿದ್ದು ಕೆಲವೇ ವಾರಗಳಲ್ಲಿ ಮಣ್ಣಾಗುತ್ತದೆ. ಮನುಷ್ಯನು ಮಾಡಿದ ಪೆಟ್ಟಿಗೆಗೆ ಆ ಗುಣ ಇನ್ನೂ ಬಂದಿಲ್ಲ. ಅದು ಬರುವವರೆಗೆ ಸಿಪ್ಪೆಯು ತಾನಾಗಿ ಮಾಡುವ ಕೆಲಸವನ್ನು ಮನುಷ್ಯನೇ ಕೈಯಾರೆ ಮಾಡಬೇಕಾಗಿದೆ. ಮುಂದಿನ ಸಲ ಬಾಗಿಲಿಗೆ ಬಿಳಿಯ ಪೆಟ್ಟಿಗೆ ಬಂದಾಗ, ಅದನ್ನು ತೆರೆಯುವ ಮುನ್ನವೇ ಇದನ್ನು ಎಲ್ಲಿಡುವುದೆಂದು ಮನೆಯವರೊಬ್ಬರು ಕೇಳಿದರೆ, ಐದನೆಯ ಸಮಿತಿಯು ಆ ಮನೆಯನ್ನು ಪ್ರವೇಶಿಸಿತೆಂದೇ ಅರ್ಥ.